ಶ್ರೀ ಪಾಟೀಲ ಪುಟ್ಟಪ್ಪನವರ ಸಂಪಾದಕತ್ವ: ಒಂದು ಪರಾಮರ್ಶೆ

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ದಿವಂಗತ ಶ್ರೀ ಪಾಟೀಲ ಪುಟ್ಟಪ್ಪನವರ ಸ್ಮರಣಾರ್ಥವಾಗಿ ಒಂದು ಸಭೆಯು ನೆರೆದಿದ್ದಿತು. ವಕ್ತಾರರು ನಾಲ್ವರು. ಒಬ್ಬರು ಏಕೀಕರಣದ ಕಾಲದಲ್ಲಿ ಅವರು ಪಟ್ಟ ಶ್ರಮವನ್ನು ಬಣ್ಣಿಸಿದರು. ಮತ್ತೊಬ್ಬರು ಗೋಕಾಕ ಚಳವಳಿಯಲ್ಲಿ ಅವರು ಎತ್ತಿದ ಧ್ವನಿಯನ್ನು ಸ್ಮರಿಸಿದರು. ಮೂರನೆಯವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಧ್ಯಕ್ಷಪೀಠದಲ್ಲಿ ಅವರು ಕಳೆದ ದೀರ್ಘಕಾಲವನ್ನೂ, ನಾಲ್ಕನೆಯವರು ಅವರ ನಿಷ್ಠುರವಾದ ಮಾತುಗಾರಿಕೆಯನ್ನೂ ಹೊಗಳಿದರು. ಎಲ್ಲವೂ ಯಥಾರ್ಥವೇ. ಆದರೆ ಸಭೆಯು ಮುಗಿದು ಮೆಟ್ಟಿಲಿಳಿಯುತ್ತಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ತಾನೂ ಒಂದು ಶಾಲೆಯಲ್ಲಿ ಅಧ್ಯಾಪಕನಾಗಿರುವವನು, “ಅವರು ಪೇಪರನ್ನೂ ನಡಸ್ತಿದ್ರೇನ್ರಿ ಸರ?” ಎಂದು ಕೇಳಿದನು.

ಆ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. 2020ನೆಯ ಇಸವಿಯ ಮಾರ್ಚ್ 16ರಂದು ಹುಬ್ಬಳ್ಳಿಯಲ್ಲಿ ಶತಾಯುಷ್ಯದ ಅಂಚಿನಲ್ಲಿ ತೀರಿಕೊಂಡ ಒಬ್ಬ ಸಂಪಾದಕರು ಸಂಪಾದಕರಾಗಿದ್ದರೆಂಬುದೇ ಇಷ್ಟು ಬೇಗನೆ ಕೇಳಿ ತಿಳಿಯಬೇಕಾದ ಸಂಗತಿಯಾಯಿತೆ? ತಪ್ಪು ಆ ಹುಡುಗನದಲ್ಲ. ಎರಡು ತಾಸಿನ ಸಭೆಯಲ್ಲಿ ‘ಪ್ರಪಂಚ’ವೆಂಬ ಹೆಸರು ಒಂದೇ ಸಾರಿ, ಅದೂ ಪರಿಚಯಪತ್ರವನ್ನು ಓದುವಾಗ, ಕೇಳಿಬಂದಿದ್ದಿತು. ಪುಟ್ಟಪ್ಪನವರ ಹೋರಾಟವನ್ನು ನಾಡು ನೆನಪಿಟ್ಟಿದೆ. ಅವರ ಸಂಪಾದಕತ್ವವನ್ನು ಮರೆಯುತ್ತಿದೆ. ನನ್ನ ಅಲ್ಪಮತಿಗೆ ತೋರುವಂತೆ ಇವೆರಡರಲ್ಲಿ ಹೆಚ್ಚಿನದು ಎರಡನೆಯದು. ಮತ್ತು ಅದು ಮರೆತುಹೋಗುವುದರಲ್ಲಿ ಸ್ವತಃ ಪುಟ್ಟಪ್ಪನವರ ಪಾಲೂ ಸ್ವಲ್ಪ ಉಂಟು. ಈ ಎರಡು ಮಾತುಗಳನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶವು.

ಹಾವೇರಿಯ ಸೀಮೆಯ ಕುರಬಗೊಂಡದಲ್ಲಿ ಹುಟ್ಟಿದ ಪುಟ್ಟಪ್ಪನವರು ಬೆಳಗಾವಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿದರು. ವಕೀಲಿಯ ದಾರಿಯು ತೆರೆದಿರಲಾಗಿ ಅವರು ಹಿಡಿದುದು ಪತ್ರಿಕೆಯ ದಾರಿಯನ್ನು. ಹುಬ್ಬಳ್ಳಿಯ ‘ವಿಶಾಲ ಕರ್ನಾಟಕ’ ಪತ್ರಿಕೆಯ ಸಂಪಾದಕರಾದರು. ಅಮೆರಿಕೆಗೆ ಹೋಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿ ಬಂದರು. 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆಯನ್ನೂ, 1959ರಲ್ಲಿ ‘ವಿಶ್ವವಾಣಿ’ ದಿನಪತ್ರಿಕೆಯನ್ನೂ ಹೊರಡಿಸಿದರು. ‘ಪಾಪು’ ಎಂಬ ಎರಡಕ್ಷರವು ಉತ್ತರ ಕರ್ನಾಟಕದ ಮನೆಮನೆಯ ಮಾತಾದುದು ಈ ಪತ್ರಿಕೆಗಳಿಂದಲೇ ಹೊರತು ಯಾವ ಅಧಿಕಾರಸ್ಥಾನದಿಂದಲೂ ಅಲ್ಲ.

‘ಪ್ರಪಂಚ’ವು ಹುಟ್ಟಿದ ಕಾಲವನ್ನು ವಾಚಕರು ಗಮನಿಸಬೇಕು. ಆಗ್ಗೆ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸವನ್ನು ಕೈಕೊಂಡಿದ್ದರು; ಹುಬ್ಬಳ್ಳಿಯಲ್ಲಿ ಜನರು ಕೆರಳಿ ಗಲಭೆಯೂ ಆಗಿದ್ದಿತು. ಅದೇ ವರ್ಷದ ಕೊನೆಗೆ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಹೀಗೆ ನಾಡೆಲ್ಲ ತನ್ನ ಗಡಿಯನ್ನೇ ಧ್ಯಾನಿಸುತ್ತಿದ್ದ ಹೊತ್ತಿನಲ್ಲಿ, ಏಕೀಕರಣವಾದಿಗಳಲ್ಲಿ ಒಬ್ಬರಾದ ಈ ತರುಣರು ತಮ್ಮ ಪತ್ರಿಕೆಗೆ ಇಟ್ಟ ಹೆಸರು ‘ಕರ್ನಾಟಕ’ವೆಂದಲ್ಲ, ‘ಕನ್ನಡ’ವೆಂದೂ ಅಲ್ಲ, ‘ಪ್ರಪಂಚ’ವೆಂದು! ಐದು ವರ್ಷಗಳ ಬಳಿಕ ಇಟ್ಟ ಇನ್ನೊಂದು ಹೆಸರಿನಲ್ಲಿಯೂ ‘ವಿಶ್ವ’ವೇ ಇದೆ. ಇದನ್ನು ಆಕಸ್ಮಿಕವೆಂದು ನಾನು ತಿಳಿಯಲಾರೆ.

ಸಂಸ್ಕೃತ ಶಾಸ್ತ್ರಕಾರರಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲೆ ಇಟ್ಟ ದೀಪವು ಮನೆಯ ಒಳಗನ್ನೂ ಬೆಳಗುವುದು, ಹೊರಗಿನ ಅಂಗಳವನ್ನೂ ಬೆಳಗುವುದು. ಪ್ರಾದೇಶಿಕ ಪತ್ರಿಕೆಯ ಸಂಪಾದಕನ ಸ್ಥಾನವು ಇದೇ. ಹೊರಗಣ ಲೋಕವನ್ನು ಮನೆಯವರಿಗೆ ತೋರಿಸಬೇಕು. ಒಳಗಣ ಸುಖದುಃಖವನ್ನು ಲೋಕಕ್ಕೆ ಕಾಣಿಸಬೇಕು. ದೀಪವನ್ನು ತೀರ ಒಳಗಿಟ್ಟರೆ ಪತ್ರಿಕೆಯು ಊರ ಹರಟೆಯಾಗುವುದು. ತೀರ ಹೊರಗಿಟ್ಟರೆ ಅನುವಾದಗಳ ಕಂತೆಯಾಗುವುದು. ‘ಪ್ರಪಂಚ’ದ ಒಳ್ಳೆಯ ವರ್ಷಗಳಲ್ಲಿ ಈ ದೀಪವು ಹೊಸ್ತಿಲ ಮೇಲೆಯೇ ಇದ್ದಿತು.

ನನ್ನ ಸ್ವಂತ ಅನುಭವವನ್ನು ಒಂದಿಷ್ಟು ಹೇಳಿದರೆ ತಪ್ಪಾಗಲಾರದು. ನಾನು ಹುಡುಗನಾಗಿ ಪಾಠಶಾಲೆಯಲ್ಲಿ ಓದಿದವನು. ಬೆಳಗಿನಲ್ಲಿ ಅಮರಕೋಶ, ಮಧ್ಯಾಹ್ನ ರಘುವಂಶ, ಸಾಯಂಕಾಲ ಶಬ್ದರೂಪಗಳ ಆವೃತ್ತಿ. ಕಾಳಿದಾಸನ ಉಜ್ಜಯಿನಿಯನ್ನು ಬಿಟ್ಟರೆ ಬೇರೆ ಊರು ನನಗೆ ತಿಳಿದಿರಲಿಲ್ಲವೆಂದರೂ ಸಲ್ಲುವುದು. ನಮ್ಮ ಗುರುಗಳು ಮಡಿವಂತರಾದರೂ ವಾರಕ್ಕೊಮ್ಮೆ ಪೇಟೆಯಿಂದ ‘ಪ್ರಪಂಚ’ವನ್ನು ತರಿಸುತ್ತಿದ್ದರು. ಕಣ್ಣು ಮಂಜಾಗಿದ್ದುದರಿಂದ ರಾತ್ರಿ ಊಟವಾದ ಮೇಲೆ ನನ್ನಿಂದ ಅದನ್ನು ಓದಿಸುವರು. ಪರದೇಶದ ರಾಜಕಾರಣ, ಅಲ್ಲಿಯ ಗ್ರಂಥಕಾರರು, ವಿಜ್ಞಾನದ ಹೊಸ ಸಂಗತಿಗಳು, ದೊಡ್ಡವರ ಬದುಕಿನ ಚಿಕ್ಕ ಕಥೆಗಳು, ಇವೆಲ್ಲ ನನ್ನ ಬಾಯಿಂದಲೇ ಹೊರಟು ನನ್ನ ಕಿವಿಗೆ ಮೊದಲನೆಯ ಸಲ ಬಿದ್ದವು. ಒಮ್ಮೆ ಗುರುಗಳು ಓದನ್ನು ನಿಲ್ಲಿಸಿ, “ನೋಡು ತಮ್ಮಾ, ಇಷ್ಟೆಲ್ಲ ಕನ್ನಡದಾಗ ಹೇಳಲಿಕ್ಕೆ ಬರ್ತದ” ಎಂದರು. ಅವರು ಅಂದುದು ಅಷ್ಟೇ. ಭಾಷೆಯ ಅಭಿಮಾನವೆಂಬುದನ್ನು ನಾನು ಕಲಿತುದು ಯಾವ ಮೆರವಣಿಗೆಯಲ್ಲಿಯೂ ಅಲ್ಲ, ಆ ರಾತ್ರಿ ಕಂದೀಲಿನ ಬೆಳಕಿನಲ್ಲಿ.

ಪುಟ್ಟಪ್ಪನವರ ಗದ್ಯದ ಗುಣಗಳನ್ನು ಈಗ ವಿಚಾರಿಸೋಣ. ಮೊದಲನೆಯದು, ಅವರ ವಾಕ್ಯಗಳ ಋಜುತ್ವವು. ಸಂಸ್ಕೃತದ ಸಮಾಸಗಳಿಂದ ಭಾರವಾದ ಗದ್ಯವನ್ನೇ ಗದ್ಯವೆಂದು ನಂಬಿದ್ದ ನನ್ನಂಥವರಿಗೆ ಅವರ ಚಿಕ್ಕ ಚಿಕ್ಕ ವಾಕ್ಯಗಳು ಮೊದಲು ಲಘುವಾಗಿ ಕಂಡವು. ಅನಂತರ ತಿಳಿಯಿತು: ಅಂಥ ವಾಕ್ಯವು ಸಾವಿರಾರು ಜನರು ಒಂದೇ ಓದಿನಲ್ಲಿ ಗ್ರಹಿಸತಕ್ಕ ವಾಕ್ಯವು, ಅದನ್ನು ಬರೆಯುವುದು ಸಮಾಸವನ್ನು ಕಟ್ಟುವುದಕ್ಕಿಂತ ಕಠಿಣವು. ಎರಡನೆಯದು, ವ್ಯಕ್ತಿಚಿತ್ರಣದ ಶಕ್ತಿ. ಒಬ್ಬ ಮನುಷ್ಯನನ್ನು ಪರಿಚಯಿಸುವಾಗ ಅವನ ಪದವಿಗಳ ಪಟ್ಟಿಯನ್ನು ಕೊಡದೆ, ಅವನು ಒಂದು ಗಳಿಗೆಯಲ್ಲಿ ಹೇಗೆ ನಡೆದುಕೊಂಡನೆಂಬುದನ್ನು ಹೇಳಿ ಅವನನ್ನು ಕಣ್ಣ ಮುಂದೆ ನಿಲ್ಲಿಸುವರು. ಕಥೆಗಾರರೂ ಆಗಿದ್ದುದರಿಂದ ಈ ಕಲೆಯು ಅವರಿಗೆ ಸಹಜವಾಗಿ ಒದಗಿದ್ದಿತು. ಮೂರನೆಯದು, ನಿರ್ಭೀತಿ. ಮಂತ್ರಿಗಳಾಗಲಿ ಮಠಾಧಿಪತಿಗಳಾಗಲಿ ಸಾಹಿತಿಗಳಾಗಲಿ, ಹೇಳಬೇಕಾದುದನ್ನು ಮುಖಕ್ಕೇ ಹೇಳುವ ಸ್ವಭಾವವು ಅವರದು.

ಇನ್ನು ಹೋರಾಟದ ಪುಟವನ್ನು ತೆರೆಯೋಣ. 1956ರ ನವೆಂಬರ 1ರಂದು ಕನ್ನಡನಾಡು ಒಂದಾಯಿತು. 1973ರಲ್ಲಿ ಅದಕ್ಕೆ ‘ಕರ್ನಾಟಕ’ವೆಂಬ ಹೆಸರೂ ಬಂದಿತು. 1962ರಿಂದ 1974ರ ವರೆಗೆ ಪುಟ್ಟಪ್ಪನವರು ರಾಜ್ಯಸಭೆಯ ಸದಸ್ಯರಾಗಿದ್ದರು. 1963ರಲ್ಲಿಯೇ ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡುವ ಕಾಯಿದೆಯು ಆಗಿದ್ದರೂ ಕಚೇರಿಯ ಕಾಗದಗಳು ಬಹುಕಾಲ ಇಂಗ್ಲಿಷಿನಲ್ಲಿಯೇ ಓಡಾಡುತ್ತಿದ್ದವು. ಶಾಲೆಗಳಲ್ಲಿ ಕನ್ನಡದ ಸ್ಥಾನವು ಯಾವುದೆಂಬ ಪ್ರಶ್ನೆಯು ಎದ್ದಾಗ ಸರ್ಕಾರವು ಶ್ರೀ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಆ ಸಮಿತಿಯು 1981ರಲ್ಲಿ ವರದಿಯನ್ನು ಒಪ್ಪಿಸಿ, ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮಭಾಷೆಯ ಸ್ಥಾನವು ಸಲ್ಲಬೇಕೆಂದು ಹೇಳಿತು. ವರದಿಯು ಜಾರಿಗೆ ಬರದೆ ತಡವಾಗಲಾಗಿ ಧಾರವಾಡದ ಕಡೆಯಿಂದ ಎದ್ದ ಚಳವಳಿಯು 1982ರಲ್ಲಿ ನಟ ರಾಜಕುಮಾರರ ಪ್ರವೇಶದಿಂದ ನಾಡಿನಾದ್ಯಂತ ಹಬ್ಬಿತು. ಈ ಚಳವಳಿಯ ಮುಂದಾಳುಗಳಲ್ಲಿ ಪುಟ್ಟಪ್ಪನವರೂ ಒಬ್ಬರು. ಮುಂದೆ ಸರ್ಕಾರವು ರಚಿಸಿದ ಕನ್ನಡ ಕಾವಲು ಸಮಿತಿಗೆ ಅವರೇ ಮೊದಲನೆಯ ಅಧ್ಯಕ್ಷರಾದರು. 2003ರಲ್ಲಿ ಬೆಳಗಾವಿಯಲ್ಲಿ ಸೇರಿದ 70ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರಿಗೆ ಸಂದಿತು. ಗಡಿಯ ವಿವಾದವು ಆರದೆ ಉಳಿದ ಆ ಊರಿನಲ್ಲಿ ಆ ಗೌರವವು ಅವರಿಗೆ ಸಂದುದು ಉಚಿತವೇ ಆಗಿದ್ದಿತು.

ಇಷ್ಟನ್ನೂ ಆದರದಿಂದ ಒಪ್ಪಿಕೊಂಡ ಮೇಲೆ ವಿಮರ್ಶಕನ ಕರ್ತವ್ಯವು ಉಳಿಯುವುದು. ಹೋರಾಟವು ಅವರ ಸಂಪಾದಕತ್ವಕ್ಕೆ ಏನು ಮಾಡಿತು?

ಹೊಸ್ತಿಲ ದೀಪವನ್ನು ಎತ್ತಿಕೊಂಡು ಬೀದಿಗೆ ನಡೆದರೆ ಅದು ಪಂಜಾಗುವುದು. ಪಂಜಿಗೆ ಪ್ರಭೆಯು ಹೆಚ್ಚು. ಮೆರವಣಿಗೆಗೆ ಅದು ಬೇಕೇ ಬೇಕು. ಆದರೆ ಅದು ಬೀದಿಯಲ್ಲಿರುವಷ್ಟು ಹೊತ್ತು ಹೊಸ್ತಿಲಲ್ಲಿ ಕತ್ತಲೆಯು. ನಾನು ಓದಿದ ಮಟ್ಟಿಗೆ, ಪುಟ್ಟಪ್ಪನವರ ಬರೆಹದಲ್ಲಿ ವರ್ಷಗಳು ಕಳೆದಂತೆ ಲೋಕದ ಮಾತು ಕಡಮೆಯಾಗಿ ಕನ್ನಡದ ಕುಂದುಕೊರತೆಯ ಮಾತು ಹೆಚ್ಚುತ್ತ ಹೋಯಿತು. ಪರದೇಶದ ಗ್ರಂಥವೊಂದನ್ನು ಓದಿ ಅದರ ಸಾರವನ್ನು ನಮಗೆ ಬಸಿದು ಕೊಡುತ್ತಿದ್ದ ಲೇಖನಿಯು, ಇಂಥ ಅಧಿಕಾರಿಗೆ ಕನ್ನಡ ಬಾರದು, ಇಂಥ ಫಲಕದಲ್ಲಿ ಕನ್ನಡವಿಲ್ಲ ಎಂಬ ಆಕ್ಷೇಪಣೆಗಳಿಗೆ ಮೀಸಲಾಯಿತು. ಆಕ್ಷೇಪಣೆಗಳು ನ್ಯಾಯವಾದುವೇ. ಆದರೆ ಫಲಕದಲ್ಲಿ ಕನ್ನಡವನ್ನು ಬರೆಯಿಸಲು ಸರ್ಕಾರದ ಆಜ್ಞೆಯು ಸಾಕು. ಲೋಕದ ವಿದ್ಯೆಯನ್ನು ಕನ್ನಡದಲ್ಲಿ ಬರೆಯಿಸಲು ಯಾವ ಆಜ್ಞೆಯೂ ಸಾಲದು. ಅದಕ್ಕೆ ಸಂಪಾದಕನು ಬೇಕು.

ಎರಡನೆಯ ಮಾತು, ಅವರ ನೆನಪಿನ ಶಕ್ತಿಯನ್ನು ಕುರಿತದ್ದು. ಅದು ಅದ್ಭುತವಾದದ್ದೆಂದು ಅವರ ಭಾಷಣವನ್ನು ಕೇಳಿದವರೆಲ್ಲ ಬಲ್ಲರು. ಹೆಸರುಗಳೂ ಪ್ರಸಂಗಗಳೂ ಕಾಗದದ ಸಹಾಯವಿಲ್ಲದೆ ಹೊರಬೀಳುತ್ತಿದ್ದವು. ಆದರೆ ನೆನಪು ಭಾಷಣಕ್ಕೆ ಭೂಷಣವಾದರೂ ಬರೆಹಕ್ಕೆ ಪ್ರಮಾಣವಲ್ಲ. ಹೇಳಿದ ಪ್ರಸಂಗವನ್ನೇ ಮತ್ತೆ ಹೇಳುವುದು, ಅದು ಹೇಳಿದಷ್ಟು ಸಲವೂ ಇನ್ನಷ್ಟು ದುಂಡಾಗುತ್ತ ಹೋಗುವುದು, ಪ್ರಸಂಗದಲ್ಲಿ ಲೇಖಕರ ಸ್ವಂತ ಪಾತ್ರವು ಮುಂದೆ ಬರುವುದು, ಇವು ಅವರ ಕಡೆಗಾಲದ ಅಂಕಣಗಳಲ್ಲಿ ನನಗೆ ಕಂಡ ದೋಷಗಳು. ಬೇರೊಬ್ಬರು ಹೀಗೆ ಬರೆದು ಕಳುಹಿಸಿದ್ದರೆ ‘ಪ್ರಪಂಚ’ದ ಸಂಪಾದಕರು ಕೆಂಪು ಮಸಿಯಿಂದ ತಿದ್ದುತ್ತಿದ್ದರು. ಇತರರ ಕರಡನ್ನು ತಿದ್ದಿದ ಕೈಗೆ ತನ್ನ ಕರಡನ್ನು ತಿದ್ದುವ ಇನ್ನೊಂದು ಕೈಯು ದೊರೆಯಲಿಲ್ಲ.

ಮೂರನೆಯ ಮಾತೇ ಮುಖ್ಯವಾದುದು. ಹುಬ್ಬಳ್ಳಿಯ ನೆಲದಲ್ಲಿಯೇ ‘ಸಂಯುಕ್ತ ಕರ್ನಾಟಕ’ವು ಬೆಳೆಯಿತು. ಮೊಹರೆ ಹಣಮಂತರಾಯರಂಥ ಸಮರ್ಥರು ಅದನ್ನು ನಡೆಸಿದರು. ಶ್ರೀ ರಂಗರಾವ್ ದಿವಾಕರರು ಅದರ ಹಿಂದೆ ನಿಂತರು. ಆದರೆ ಆ ಪತ್ರಿಕೆಯು ಲೋಕ ಶಿಕ್ಷಣ ಟ್ರಸ್ಟಿನ ಸ್ವತ್ತಾಗಿದ್ದುದರಿಂದ, ನಡೆಸಿದವರು ಒಬ್ಬೊಬ್ಬರಾಗಿ ಹೋದ ಮೇಲೆಯೂ ಅದು ಉಳಿಯಿತು. ‘ಪ್ರಪಂಚ’ಕ್ಕೆ ಅಂಥ ಆಸರೆಯು ಇರಲಿಲ್ಲ. ಪಾಪು ಎಂದರೆ ಪ್ರಪಂಚ, ಪ್ರಪಂಚವೆಂದರೆ ಪಾಪು ಎಂದು ಜನರು ಪ್ರೀತಿಯಿಂದ ಹೇಳುತ್ತಿದ್ದರು. ಆ ಪ್ರೀತಿಯ ಮಾತಿನಲ್ಲಿಯೇ ಒಂದು ಅಪಾಯವು ಅಡಗಿದ್ದಿತು. ‘ವಿಶ್ವವಾಣಿ’ಯೆಂಬ ಹೆಸರಿನ ದಿನಪತ್ರಿಕೆಯು ಈಗಲೂ ಹೊರಡುತ್ತದೆ, ಆದರೆ ಅದು ಬೇರೆಯವರ ಕಾರ್ಯವು. 1890ರಲ್ಲಿ ಸ್ಥಾಪಿತವಾದ ವಿದ್ಯಾವರ್ಧಕ ಸಂಘದಲ್ಲಿಯೂ ಅವರು ಸುಮಾರು ಅರ್ಧ ಶತಮಾನದಷ್ಟು ಕಾಲ ಅಧ್ಯಕ್ಷರಾಗಿದ್ದರು. ಸಂಘಕ್ಕೆ ಅದರಿಂದ ಬಲವೂ ಬಂದಿತು, ಹೆಸರೂ ಬಂದಿತು; ಆದರೆ ದೊಡ್ಡ ಆಲದ ಕೆಳಗೆ ಬೇರೊಂದು ಗಿಡವು ಬೆಳೆಯುವುದು ಕಷ್ಟವೆಂಬುದನ್ನು ನಾವು ತೋಟದಲ್ಲಿ ಕಂಡಂತೆಯೇ ಸಂಸ್ಥೆಗಳಲ್ಲಿಯೂ ಕಾಣುವೆವು. ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಶಿಕ್ಷಕನ ಯೋಗ್ಯತೆಯು ಅವನು ಹೇಳಿದ ಪಾಠದಿಂದಲ್ಲ, ಅವನು ರಜೆಯಲ್ಲಿರುವಾಗ ವರ್ಗವು ಹೇಗೆ ನಡೆಯಿತೆಂಬುದರಿಂದ ತಿಳಿಯುವುದೆಂದು ನನ್ನ ಅನುಭವವು. ಸಂಪಾದಕನಿಗೂ ಇದೇ ಒರೆಗಲ್ಲು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. “ಹೋರಾಟವಿಲ್ಲದಿದ್ದರೆ ನಾಡೆಲ್ಲಿತ್ತು, ನಾಡಿಲ್ಲದೆ ಪತ್ರಿಕೆಯೆಲ್ಲಿತ್ತು? ಆಲೂರ ವೆಂಕಟರಾಯರೂ ‘ವಾಗ್ಭೂಷಣ’ವನ್ನೂ ‘ಜಯಕರ್ನಾಟಕ’ವನ್ನೂ ನಡೆಸಿ ಹೋರಾಟವನ್ನೂ ಮಾಡಲಿಲ್ಲವೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಸಮಂಜಸವಾದುದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡದ ಪತ್ರಿಕೆಯನ್ನು ನಡೆಸುವುದೇ ಒಂದು ಹೋರಾಟವಾಗಿದ್ದ ಕಾಲವಿದ್ದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಧಾರವಾಡದ ಪರಂಪರೆಯಲ್ಲಿ ಸಂಪಾದಕನೂ ಕಾರ್ಯಕರ್ತನೂ ಒಂದೇ ದೇಹದಲ್ಲಿ ವಾಸಮಾಡಿದ್ದಾರೆ. ಪುಟ್ಟಪ್ಪನವರು ಆ ಪರಂಪರೆಯ ಕೊನೆಯ ದೊಡ್ಡ ಹೆಸರು. ಆದುದರಿಂದ ಅವರು ಹೋರಾಡಬಾರದಾಗಿತ್ತೆಂದು ನಾನು ಹೇಳುತ್ತಿಲ್ಲ. ಹೋರಾಟವು ಗೆದ್ದ ಮೇಲೆ, ಗೆದ್ದ ನೆಲದಲ್ಲಿ ಏನನ್ನು ಬಿತ್ತಬೇಕೆಂಬುದನ್ನು ಬಲ್ಲವರು ಅವರೇ ಆಗಿದ್ದರು. ಬಿತ್ತುವ ಕೆಲಸಕ್ಕೆ ಅವರು ಮರಳಿ ಬರುವಷ್ಟರಲ್ಲಿ ಇನ್ನೊಂದು ಕಾಳಗದ ಕಹಳೆಯು ಕರೆಯಿತು. ಅವರ ಸ್ವಭಾವಕ್ಕೆ ಆ ಕರೆಯನ್ನು ಕೇಳದಂತೆ ಇರುವುದು ಸಾಧ್ಯವಿರಲಿಲ್ಲ. ಇದನ್ನು ದೋಷವೆನ್ನುವುದಕ್ಕಿಂತ ಅವರ ಗುಣದ ಬೆಲೆಯೆನ್ನುವುದು ಹೆಚ್ಚು ಸರಿ.

ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮಾತ್ರ ಮರೆಯಬಾರದು. ಅದನ್ನು ತೆತ್ತವರು ಓದುಗರು. ಇಂದು ಕನ್ನಡದ ಮನೆಗಳಲ್ಲಿ ಲೋಕದ ಸಂಗತಿಯನ್ನು ತಿಳಿಯಬಯಸುವ ಹುಡುಗನು ಇಂಗ್ಲಿಷಿನ ಕಡೆಗೆ ಕೈಚಾಚುವನು. ಕನ್ನಡವು ಅವನಿಗೆ ಅಭಿಮಾನದ ವಸ್ತುವಾಗಿದೆಯೇ ಹೊರತು ತಿಳಿವಿನ ದಾರಿಯಾಗಿಲ್ಲ. ಅಭಿಮಾನವನ್ನು ಬೆಳೆಸುವ ಕೆಲಸಕ್ಕೆ ಇಂದು ಹತ್ತಾರು ಸಂಘಟನೆಗಳಿವೆ. ತಿಳಿವನ್ನು ಕನ್ನಡದಲ್ಲಿ ವಾರವಾರವೂ ಹಳ್ಳಿಯ ಜಗಲಿಯ ವರೆಗೆ ಮುಟ್ಟಿಸುವ ಸಂಪಾದಕರು ಎಷ್ಟು ಜನರಿದ್ದಾರೆ? ಆ ಸಭೆಯಲ್ಲಿ ನನ್ನ ವಿದ್ಯಾರ್ಥಿಯು ಕೇಳಿದ ಪ್ರಶ್ನೆಯು ಪುಟ್ಟಪ್ಪನವರನ್ನು ಕುರಿತದ್ದೆಂದು ತೋರಿದರೂ ನಿಜವಾಗಿ ನಮ್ಮನ್ನು ಕುರಿತದ್ದು. ಕೂಗಿದವರನ್ನು ನೆನೆದು, ಬರೆದು ಕೊಟ್ಟವರನ್ನು ಮರೆಯುವ ರೂಢಿಯು ನಮ್ಮದು.

ಆದುದರಿಂದ ನಮ್ಮ ಸಂಘದವರಲ್ಲಿ ಒಂದು ವಿಜ್ಞಾಪನೆ. ಲೇಖಕರ ‘ಪಾಪು ಪ್ರಪಂಚ’ವೇ ಮೊದಲಾದ ಪುಸ್ತಕಗಳು ದೊರೆಯುತ್ತವೆ, ಆದರೆ ಪುಸ್ತಕವು ಪತ್ರಿಕೆಯಲ್ಲ. ಒಬ್ಬರ ಲೇಖನಗಳನ್ನು ಆರಿಸಿ ಕಟ್ಟಿದಾಗ ಲೇಖಕನು ಉಳಿಯುವನು, ಸಂಪಾದಕನು ಉಳಿಯುವುದಿಲ್ಲ. ಯಾವ ಲೇಖನದ ಪಕ್ಕದಲ್ಲಿ ಯಾವುದನ್ನು ಇಟ್ಟರು, ಯಾವ ಹೊಸ ಲೇಖಕನಿಗೆ ಎಡೆಗೊಟ್ಟರು, ಯಾವ ವಾರ ಯಾವ ಸುದ್ದಿಯನ್ನು ಮುಂದೆ ತಂದರು ಎಂಬುದರಲ್ಲಿಯೇ ಸಂಪಾದಕನಿರುವನು. ಅವನನ್ನು ಕಾಣಬೇಕಾದರೆ ಇಡಿಯ ಸಂಚಿಕೆಗಳೇ ಬೇಕು. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ, ನಿವೃತ್ತ ಶಿಕ್ಷಕರ ಪೆಟ್ಟಿಗೆಗಳಲ್ಲಿ, ಗ್ರಾಮದ ವಾಚನಾಲಯಗಳಲ್ಲಿ ‘ಪ್ರಪಂಚ’ದ ಬಿಡಿ ಸಂಚಿಕೆಗಳು ಇನ್ನೂ ಉಳಿದಿರಬಹುದು. ಗೆದ್ದಲೂ ಮಳೆಯ ನೀರೂ ಅವುಗಳನ್ನು ಮುಟ್ಟುವ ಮೊದಲು ನಾವು ಮುಟ್ಟಬೇಕು. ದೊರೆತಷ್ಟನ್ನು ಕೂಡಿಸಿ, ವರ್ಷಾನುಕ್ರಮದಲ್ಲಿ ಹೊಲಿಸಿ, ಲೇಖನಗಳ ಒಂದು ಸೂಚಿಯನ್ನು ಸಿದ್ಧಪಡಿಸಿದರೆ ಅದು ಯಾವ ಪುತ್ಥಳಿಗಿಂತಲೂ ಮಿಗಿಲಾದ ಸ್ಮಾರಕವಾಗುವುದು. ನನ್ನ ಗುರುಗಳ ಮನೆಯಿಂದ ನನಗೆ ಬಂದ ಹನ್ನೊಂದು ಸಂಚಿಕೆಗಳನ್ನು ಮೊದಲ ಕಾಣಿಕೆಯಾಗಿ ಸಂಘದ ಪುಸ್ತಕಾಲಯಕ್ಕೆ ಒಪ್ಪಿಸಿರುತ್ತೇನೆ. ಅವುಗಳ ಅಂಚುಗಳು ಕಂದಿವೆ, ಅಕ್ಷರಗಳು ಕೆಟ್ಟಿಲ್ಲ.

ಮೊನ್ನೆ ಆ ವಿದ್ಯಾರ್ಥಿಯನ್ನು ಮನೆಗೆ ಕರೆದು, ಪುಸ್ತಕಾಲಯಕ್ಕೆ ಕಳುಹುವ ಮೊದಲು ಒಂದು ಸಂಚಿಕೆಯನ್ನು ಅವನ ಕೈಗೆ ಕೊಟ್ಟು ಓದೆಂದೆನು. ಈಗ ನನ್ನ ಕಣ್ಣೂ ಮಂಜಾಗಿದೆ. ಅವನೇ ಗಟ್ಟಿಯಾಗಿ ಓದಿದನು. ಎರಡು ಪುಟ ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಅದ ಏನ್ರಿ ಸರ?” ಎಂದನು. ಸಂಪಾದಕರಾದವರಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿಯು ಇರುವುದೆಂದು ನಾನು ನಂಬಲಾರೆ. ಅಲಮತಿವಿಸ್ತರೇಣ.